ಲಿವರ್ ತೊಟ್ಟಿಲು

ಎಲ್ಲ ಶುರುವಾಗಿದ್ದು ಒಂದು ಕೆಟಲಿನಿಂದ. ಉಗ್ರಾಣದ ಯಜಮಾನರು ಚಹಾಕ್ಕೆಂದು ಅದನ್ನು ಪ್ರಯೋಗಾಲಯದ ಪ್ಲಗ್ಗಿಗೆ ಚುಚ್ಚಿದ್ದೇ ತಡ, ಟಪ್ಪೆಂದು ಶಬ್ದ, ಸುಟ್ಟ ವಾಸನೆ. ಪಕ್ಕದ ಬೆಚ್ಚನೆಯ ಪೆಟ್ಟಿಗೆಯೊಳಗೆ ಗಾಜಿನ ಕುಪ್ಪಿಯನ್ನು ತಿರುಗಿಸುತ್ತಿದ್ದ ಮೋಟಾರು ನಿಂತೇಹೋಯಿತು.

ಆ ಕುಪ್ಪಿಯಲ್ಲಿ ಪ್ರಯೋಗಾಲಯದ ಸಹಾಯಕ ಮೆತ್ತಗಣ್ಣ ಲಿವರಿನ ಜೀವಕೋಶಗಳನ್ನು ಸಾಸಿವೆಯಂಥ ಉಂಡೆಗಳಾಗಿ ಬೆಳೆಸುತ್ತಿದ್ದ. ಲಿವರು ಕೈಕೊಟ್ಟ ರೋಗಿಗಳ ರಕ್ತವನ್ನು ಮುಂದೊಂದು ದಿನ ಇವು ತೊಳೆದುಕೊಡಬೇಕು. ತೇಲುತ್ತ ಹೊರಳುತ್ತ ಇದ್ದರೆ ಸರಿ. ನಿಂತರೆ ತಳಕ್ಕಿಳಿದು, ಒಂದಕ್ಕೊಂದು ಅಂಟಿಕೊಂಡು, ಉಸಿರುಗಟ್ಟಿ ಸಾಯುತ್ತವೆ. ಹಿಂದಿನ ಸಲ ಸತ್ತೇಹೋಗಿದ್ದವು. "ಇದೊಂದನ್ನ ಸಂಜೆ ಪರೀಕ್ಷೆವರೆಗೆ ಉಳಿಸಪ್ಪಾ, ನಾಳೆನೇ ನಿನ್ನ ಊರಿಗೆ ವರ್ಗ ಮಾಡ್ತೀನಿ," ಅಂದಿದ್ದರು ನಿರ್ದೇಶಕರು ಬೆಳಿಗ್ಗೆಯಷ್ಟೇ. ಊರಲ್ಲಿ ಹೆಂಡತಿ, ಅವನಿನ್ನೂ ಎತ್ತಿಕೊಳ್ಳದ ಕೂಸು.

ಪೆಟ್ಟಿಗೆಯ ಕಿಂಡಿಗಳಿಗೆ ಜೋಡಿಸಿದ್ದ ರಬ್ಬರ್ ಗವಸುಗಳೊಳಗೆ ಎರಡೂ ತೋಳು ತೂರಿಸಿ, ಕುಪ್ಪಿಯನ್ನು ಕೈಯಲ್ಲೇ ತೂಗತೊಡಗಿದ.

"ಹೊಸ ಮೋಟಾರು ನಾಳೆ ಬರುತ್ತೆ ಕಣಯ್ಯಾ. ಅಲ್ಲೀವರೆಗೆ ಚಹಾ ಕುಡೀತೀಯಾ?" ಎಂದರು ಯಜಮಾನರು.

"ಯಾವ ಕೈಯಲ್ಲಿ ಕುಡೀಲಿ ಸಾರ್?"

"ಹಾಗಾದ್ರೆ ಸ್ವಲ್ಪ ಹೊತ್ತು ನಾನು ತೂಗ್ಲಾ?"

ಕೆಟಲನ್ನು ನೆನೆದು ಮೆತ್ತಗಣ್ಣ ಬೇಡವೆಂದು ತಲೆಯಾಡಿಸಿದ.

ಲೆಕ್ಕದ ವಿಭಾಗದ ಅಕ್ಕ ಬಂದು ಬಗ್ಗಿ ನೋಡಿದರು. "ಇಷ್ಟು ಜೋರಾಗಿ ಅಲ್ಲಾಡಿಸಿದ್ರೆ ವಾಂತಿ ಮಾಡ್ಕೊಳ್ಳಲ್ವೇನೋ? ಮೂರು ಮಕ್ಕಳನ್ನ ತೂಗಿದೋಳು ಹೇಳ್ತೀನಿ ಕೇಳು, ಸೊಂಟದಿಂದ ತೂಗು."

ಸೊಂಟದಿಂದ ತೂಗಿದ. ಮೂಗು ತುರಿಸಿತು. ಅಕ್ಕ ಪೆನ್ನಿನ ತುದಿಯಿಂದ ಕೆರೆಯಲು ಹೋಗಿ ಕಣ್ಣಿಗೆ ತಿವಿದರು. ಮಧ್ಯಾಹ್ನದ ಹೊತ್ತಿಗೆ ಭುಜಗಳು ಯಾರಿಂದಲೋ ಎರವಲು ತಂದವು ಅನ್ನಿಸತೊಡಗಿತ್ತು. ಆಗ ಫೋನು ಹೊಡೆದುಕೊಂಡಿತು. ಅಕ್ಕನೇ ಅವನ ಕಿವಿಗೆ ಹಿಡಿದರು.

"ಕೂಸು ಒಂದೇ ಸಮ ಅಳ್ತಿದೆ ರೀ. ತೂಗಿ ತೂಗಿ ಕೈ ಬಿದ್ದೋಯ್ತು. ನೀವೇನು ಮಾಡ್ತಿದೀರಿ?"

"ನಾನೂ ತೂಗ್ತಿದೀನಿ ಕಣೇ..."

"ಯಾರನ್ನ?"

ಅಕ್ಕ ಬಾಯಿ ಹಾಕಿದರು. "ನಿನ್ನ ಗಂಡನ ಕೈ ಬಲು ಚೆನ್ನಾಗಿದೆಯಮ್ಮಾ. ಇಲ್ಲಿ ಒಂದೂ ಅಳ್ತಿಲ್ಲ!"

ಆ ಕಡೆ ಫೋನು ಪಟ್ಟೆಂದು ಕಟ್ಟಾಯಿತು.

ಸಂಜೆ ನಿರ್ದೇಶಕರು ಪರೀಕ್ಷೆ ಮಾಡಿ ನೋಡಿ ಕುಣಿದಾಡಿಬಿಟ್ಟರು. "ಮೋಟಾರಲ್ಲಿ ಬೆಳೆದವಕ್ಕಿಂತ ಎರಡು ಪಟ್ಟು ಚೆನ್ನಾಗಿ ವಿಷ ತೊಳೀತಿವೆ ಕಣಯ್ಯಾ!"

ಮೆತ್ತಗಣ್ಣನ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾಳೆ ನನ್ನ ವರ್ಗ..."

"ವರ್ಗಾನಾ? ಇಂಥ ಕೈಗಳನ್ನ ಊರಿಗೆ ಕಳಿಸಿ ನಾನೇನು ಮಾಡ್ಲಿ?" ನಿರ್ದೇಶಕರು ಉಗ್ರಾಣದ ಯಜಮಾನರ ಕಡೆ ತಿರುಗಿದರು. "ರೀ, ಆ ಹೊಸ ಮೋಟಾರು ಬೇಡ ಅಂದ್ಬಿಡಿ."

"ಆಗ್ಲಿ ಸಾರ್. ಅಂದ್ರೆ, ಇನ್ಮೇಲೆ ಈ ಪ್ಲಗ್ಗು ಖಾಲಿ ತಾನೆ?" ಎಂದ ಯಜಮಾನರು ಕೆಟಲು ತರಲು ಓಡಿದರು.

ಫೋನು ಮತ್ತೆ ಹೊಡೆದುಕೊಂಡಿತು. ಅಕ್ಕ ಮನೆಗೆ ಹೋಗಿಯಾಗಿತ್ತು, ಕಿವಿಗೆ ಹಿಡಿಯುವವರು ಯಾರೂ ಇರಲಿಲ್ಲ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೂ ಮೆತ್ತಗಣ್ಣ ತೂಗುತ್ತಲೇ ಇದ್ದ, ಸೊಂಟದಿಂದ.