ಹಾರ್ಮೋನಿಯಂ ಬಾರಿಸಿದ ಇಂಗ್ಲಿಷ್ ಅತ್ತೆ

ನನ್ನ ಹೆಂಡತಿಗೆ ಇಬ್ಬರು ಅತ್ತೆಯರು. ಒಬ್ಬರು ಉಡುಪಿಯಲ್ಲಿದ್ದ ನನ್ನ ತಾಯಿ. ಇನ್ನೊಬ್ಬರು ಆರಡಿ ಎತ್ತರದ, ಕೆಂಪು ಮೀಸೆಯ, ಇಂಗ್ಲೆಂಡಿನ ಜಾಝ್ ಪಿಯಾನೋ ವಾದಕರು!

ನಾನು ಕುವೈತಿನ ಹೋಟೆಲೊಂದರಲ್ಲಿ ಕ್ಯಾಪ್ಟನ್, ಅಂದರೆ ಬಡಿಸುವವರ ಮುಖಂಡ, ಆಗಿದ್ದೆ. ಅವರು ಲಾಬಿಯಲ್ಲಿ ಪಿಯಾನೋ ನುಡಿಸುತ್ತಿದ್ದರು. ಲಂಡನ್ನಿನ ನೆಲಮಾಳಿಗೆಯ ಕ್ಲಬ್ಬುಗಳಲ್ಲಿ ಶುರುವಾದ ವೃತ್ತಿ, ಪ್ರವಾಸಿ ಹಡಗುಗಳನ್ನೆಲ್ಲ ಸುತ್ತಿ, ಕಿತ್ತಳೆ ರಸಕ್ಕಿಂತ ಹೆಚ್ಚು ಅಮಲೇರಿಸುವುದೇನೂ ಕುಡಿಯಲು ಸಿಗದ ಈ ಊರಿಗೆ ಬಂದು ಮುಟ್ಟಿತ್ತು. ಎಷ್ಟು ಕಡೆ ಕೆಲಸ ಹೋಗಿತ್ತೋ! ಕಾರಣ ಒಂದೇ: ಯಾವ ಹಾಡನ್ನೂ ಇದ್ದ ಹಾಗೆ ನುಡಿಸಿದವರಲ್ಲ. ಹುಟ್ಟುಹಬ್ಬದ ಹಾಡು ಶುರು ಮಾಡಿದರೆ, ಕೇಕ್ ಖಾಲಿಯಾಗಿ ಮಗು ನಿದ್ದೆ ಹೋದರೂ ಮುಗಿಯುತ್ತಿರಲಿಲ್ಲ!

"ಸ್ವಲ್ಪ ನೆಟ್ಟಗೆ ನುಡಿಸಬಾರದಾ ಸಾರ್?" ಎಂದು ಕೇಳಿದೆ.

"ನೆಟ್ಟಗಿನ ದಾರಿಯಲ್ಲಿ ನೋಡಲಿಕ್ಕೆ ಏನಿದೆ?" ಎಂದರು.

ಆದರೆ ಆ ಬೆರಳುಗಳು! ಅವು ಓಡಾಡುತ್ತಿದ್ದರೆ ನನಗೆ ಕೈಯಲ್ಲಿದ್ದ ಟ್ರೇ ಮರೆತು, ಗಿರಾಕಿಯ ಸೂಪು ತಣ್ಣಗಾಗುತ್ತಿತ್ತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿ, ಬ್ರಿಟಿಷರನ್ನು ಹುಡುಕಿ ಹಿಡಿದೊಯ್ಯತೊಡಗಿತು. ನಮ್ಮ ಪಿಯಾನೋದವರನ್ನು ಹೋಟೆಲಿನ ಲಾಂಡ್ರಿ ವ್ಯಾನಿನಲ್ಲಿ ಮಡಿಸಿಟ್ಟು ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿಗೆ ತಂದೆ. ನನ್ನ ಲುಂಗಿ ಅವರಿಗೆ ಮೊಣಕಾಲಿನವರೆಗೆ ಬಂತು.

ನಮ್ಮಲ್ಲಿ ಶುಕ್ರವಾರ ಭಜನೆ. ಹಾಡುವವಳು ಹೆಂಡತಿ. ದೇವರ ಮೂಲೆಗೆ ಸೀರೆಯ ಪರದೆ ಕಟ್ಟಿ, ಅವರನ್ನು ಹಾರ್ಮೋನಿಯಂ ಸಮೇತ ಅದರ ಹಿಂದೆ ಕೂರಿಸಿದೆವು. "ನನ್ನ ಎಡಗೈಯನ್ನು ಗಾಳಿ ಹಾಕುವ ಕೂಲಿಗೆ ಇಟ್ಟಿರಲ್ಲ!" ಎಂದು ಗೊಣಗುತ್ತಲೇ ಅವರು ವಿಠಲನನ್ನು ಪಂಢರಪುರದಿಂದ ಲಂಡನ್ನಿಗೆ ಎಳೆದೊಯ್ದರು.

"ಅಯ್ಯೋ ಮಾರಾಯ್ರೆ, ಇವ್ರ ಹಿಂದೆ ಓಡಿ ಓಡಿ ನಂಗೆ ಉಬ್ಬಸ ಬಂತು! ಆದ್ರೂ ಎಂಥ ಕೈ!" ಎಂದಳು ಹೆಂಡತಿ. ಒಂದು ವಿಷಯದಲ್ಲಿ ಮಾತ್ರ ಅವಳು ಬಗ್ಗಲಿಲ್ಲ. ಮಂಗಳ ಹಾಡದೆ ಭಜನೆ ಮುಗಿಯದು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ.

ಒಂದು ಶುಕ್ರವಾರ ನಡು ಭಜನೆಯಲ್ಲಿ ಯಾರೋ ಬಾಗಿಲು ಬಡಿದರು. ಬಂದೂಕು ಹಿಡಿದ ಸೈನಿಕ! ಹೆಂಡತಿ ನಿಲ್ಲಿಸಿದಳೇ? ಮಂಗಳವಾಗಿರಲಿಲ್ಲವಲ್ಲ! ಹಾಡುತ್ತಲೇ ಇದ್ದಳು.

"ಪರದೆ ಹಿಂದೆ ಯಾರು?" ಎಂದ.

"ನನ್ನ ತಾಯಿ. ಪರಗಂಡಸರ ಮುಂದೆ ಬರುವುದಿಲ್ಲ," ಎಂದೆ, ಹರಕು ಅರಬಿಯಲ್ಲಿ.

"ಖಲಾಸ್, ಖಲಾಸ್," ಎಂದು, ಸಾಕು ಬಿಡು ಎನ್ನುವ ಹಾಗೆ, ಅವನು ತಲೆ ತಗ್ಗಿಸಿದ. ಆದರೆ ಹೋಗಲಿಲ್ಲ, ಕೇಳುತ್ತ ನಿಂತ. ಹೆಂಡತಿಯ ದನಿ ನಡುಗಿತು, ಸಾಲು ತಪ್ಪುವುದರಲ್ಲಿತ್ತು. ಆಗ, ಜೀವಮಾನದಲ್ಲೇ ಮೊದಲ ಸಲ, ಆ ಪುಣ್ಯಾತ್ಮರು ನೆಟ್ಟಗೆ ನುಡಿಸಿದರು! ಒಂದು ಸ್ವರ ಆಚೆಯಿಲ್ಲ, ಈಚೆಯಿಲ್ಲ. ಕೈಹಿಡಿದು ರಸ್ತೆ ದಾಟಿಸಿದ ಹಾಗೆ ಅವಳನ್ನು ಮಂಗಳಕ್ಕೆ ಮುಟ್ಟಿಸಿದರು.

"ತಾಯಿಗೆ ನನ್ನ ಸಲಾಂ ಹೇಳು," ಎಂದು ಸೈನಿಕ ಮೆಟ್ಟಿಲಿಳಿದ. ಅಂದಿನಿಂದ ಅವರು ನನ್ನ ಹೆಂಡತಿಗೆ ಅತ್ತೆ.

ನಮ್ಮ ಊರಿನವರೆಲ್ಲ ಭಾರತದ ವಿಮಾನ ಹಿಡಿಯಲು ಅಮ್ಮಾನಿನ ಬಸ್ಸು ಹತ್ತಿದಾಗ ನಾನು ಹೆಂಡತಿಯ ಮುಖ ನೋಡಿದೆ. "ಅತ್ತೆಯನ್ನು ಬಿಟ್ಟು ಹೋಗುವ ಸೊಸೆ ನಾನಲ್ಲ," ಎಂದವಳೇ ಬೇಳೆ ತೊಳೆಯಲು ಹೋದಳು.

ಡಿಸೆಂಬರಿನಲ್ಲಿ ಬ್ರಿಟಿಷರಿಗೆ ಊರಿಗೆ ಹೋಗಲು ಅಪ್ಪಣೆಯಾಯಿತು. ಹೊರಡುವ ಬೆಳಿಗ್ಗೆ ಅವರು ಒಂದು ಭಜನೆ ನುಡಿಸಿದರು, ತಮಗೆ ಬೇಕಾದಷ್ಟು ದಾರಿ ಸುತ್ತಿಸಿ. ಹೆಂಡತಿ ಮಂಗಳಕ್ಕೆ ಬಾಯಿ ತೆರೆದಳು. ಅವರು ಹಾರ್ಮೋನಿಯಂ ಮುಚ್ಚಿಬಿಟ್ಟರು.

"ಇವತ್ತು ಮಂಗಳ ಬೇಡಮ್ಮ. ಮುಗಿದುಹೋಗುತ್ತದೆ."

ಮಂಗಳವಿಲ್ಲದೆ ಯಾರೂ ಏಳಬಾರದೆನ್ನುವ ಅವಳೇ ಮೊದಲು ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿ, ಅತ್ತೆಯ ಕಾಲು ಮುಟ್ಟಿದಳು.