ಮರದ ಹಿಂದೆ ನಿಲ್ಲುವ ಅಜ್ಜಂದಿರ ಬಗ್ಗೆ

ಶಾಲಾ ಮಕ್ಕಳ ಸ್ವಾವಲಂಬನೆ ಪ್ರೋತ್ಸಾಹ ವಿಭಾಗ
ಸಾಂತಾ ಬ್ರಿಖಿದಾ ಪಟ್ಟಣ, ಉರುಗ್ವೆ

ಸಂಖ್ಯೆ: ಶಾಸ್ವಾ/ಅಜ್ಜ/17
ದಿನಾಂಕ: ಮಾರ್ಚ್ 22

ವಿಷಯ: ಒಂಟಿಯಾಗಿ ಶಾಲೆಗೆ ಹೋಗುವ ಮಕ್ಕಳನ್ನು ಹಿರಿಯರು ಕದ್ದು ಹಿಂಬಾಲಿಸುವುದನ್ನು ನಿಷೇಧಿಸುವ ಕುರಿತು.

ಉಲ್ಲೇಖ: 1) ಮೂರನೆಯ ತರಗತಿಯ ಕುಮಾರಿ ಮಾಯ್ತೆನಾ (ಎಂಟು ವರ್ಷ) ಅವರು ತಿಂಡಿ ತಿನ್ನುತ್ತಾ ಹೊರಡಿಸಿದ ಮೌಖಿಕ ಆದೇಶ: "ನಾಳೆಯಿಂದ ನಾನೊಬ್ಳೇ ಹೋಗ್ತೀನಿ. ಯಾರೂ ಬರ್ಬೇಡಿ. ಅಜ್ಜಾ, ನಿಂಗೇ ಹೇಳ್ತಿರೋದು."
2) ಬೇಕರಿಯ ಶ್ರೀಮತಿ ದೆಲ್ಮೀರಾ ಅವರ ದೂರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮಗುವನ್ನು ಎರಡು ವರ್ಷ ಕೈಹಿಡಿದು ಶಾಲೆಗೆ ಬಿಟ್ಟುಬಂದ ಅಜ್ಜ ಶ್ರೀ ವಿಲ್ಮಾರ್ ಎಚೆವೆರಿ ಅವರು ಆದೇಶವನ್ನು ಪಾಲಿಸದಿರುವುದು ವಿಭಾಗದ ಗಮನಕ್ಕೆ ಬಂದಿದೆ. ಸದರಿಯವರು ಇದೇ ವಿಭಾಗದ ಅಧಿಕಾರಿಯಾಗಿರುವುದೂ ಈ ಸುತ್ತೋಲೆ ಬರೆದವರು ಅವರೇ ಆಗಿರುವುದೂ ಕೇವಲ ಕಾಕತಾಳೀಯ. ಆದುದರಿಂದ ಎಲ್ಲ ಹಿರಿಯರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ನಾಲ್ಕು ಬೀದಿಯೊಳಗೆ ಶಾಲೆಯಿರುವ ಮಗು ಒಂಟಿಯಾಗಿ ಹೋಗತಕ್ಕದ್ದು. 'ಒಂಟಿ' ಎಂದರೆ ಮಗು ಮತ್ತು ಅದರ ನೆರಳು. ನಾಯಿ ತನ್ನ ಸ್ವಂತ ಇಚ್ಛೆಯಿಂದ ಹಿಂದೆ ಹೋದಲ್ಲಿ ವಿಭಾಗದ ಆಕ್ಷೇಪವಿಲ್ಲ. ಅಜ್ಜನನ್ನು ನಾಯಿಯೆಂದು ಪರಿಗಣಿಸಲು ಬಂದಿರುವ ಮನವಿಯನ್ನು ತಿರಸ್ಕರಿಸಲಾಗಿದೆ.

2. ಮರದ ಹಿಂದೆ ನಿಂತವರು ಸೋರೆಬುರುಡೆಯಿಂದ ಕೊಳವೆಯಲ್ಲಿ ಹೀರುವ ಯೆರ್ಬಾ ಎಲೆಯ ಕಷಾಯ ಕುಡಿಯುವಂತಿಲ್ಲ. ಕಂಕುಳಲ್ಲಿ ಅದರ ಬಿಸಿನೀರಿನ ಫ್ಲಾಸ್ಕ್ ಇಲ್ಲದೆ ಈ ಊರಿನವರು ಹೊಸ್ತಿಲು ದಾಟುವುದಿಲ್ಲವೆಂಬುದು ವಿಭಾಗಕ್ಕೆ ತಿಳಿದಿದೆ. ಆದರೆ ಬುರುಡೆಯ ತಳದ ಕೊನೆಯ ಗುಟುಕನ್ನು ಸದ್ದಿಲ್ಲದೆ ಹೀರಲು ಇಲ್ಲಿ ಯಾರಿಂದಲೂ ಆಗಿಲ್ಲ. ಬುಧವಾರ ಆ ಸದ್ದು ಕೇಳಿದ ಮಗು ಹಿಂದಿರುಗಿಯೂ ನೋಡದೆ, "ಅಜ್ಜಾ, ಸೊರ್ ಅಂತ ಹೀರೋದು ಇಡೀ ಬೀದಿಗೆ ಕೇಳ್ಸುತ್ತೆ. ಮನೆಗೆ ಹೋಗು!" ಎಂದು ಸ್ಥಳದಲ್ಲೇ ತೀರ್ಪು ನೀಡಿರುತ್ತದೆ.

3. ಶಾಲಾ ಸಮವಸ್ತ್ರದ ಬಿಳಿ ನಿಲುವಂಗಿಯ ಕೊರಳಿಗೆ ನೀಲಿ ರಿಬ್ಬನ್ನನ್ನು ಮಗುವೇ ಕಟ್ಟಿಕೊಳ್ಳತಕ್ಕದ್ದು. ಸೊಟ್ಟ ಗಂಟಿಗೆ ಈ ಮೂಲಕ ಮಾನ್ಯತೆ ನೀಡಲಾಗಿದೆ. ನೆಟ್ಟಗಿನ ಗಂಟು ಕಂಡುಬಂದಲ್ಲಿ ಹಿರಿಯರ ಕೈವಾಡವೆಂದು ಭಾವಿಸಿ ತನಿಖೆ ನಡೆಸಲಾಗುವುದು.

4. ಶಾಲೆಯ ಎದುರಿನ ಬೇಕರಿಯಲ್ಲಿ ಒಬ್ಬ ಹಿರಿಯರು ದಿನಕ್ಕೆ ಒಂದೇ ಬಾರಿ ಬನ್ನು ಕೊಳ್ಳಬಹುದು. ಶ್ರೀಮತಿ ದೆಲ್ಮೀರಾ ಅವರ ಹೇಳಿಕೆ: "ಒಂದೇ ಬೆಳಿಗ್ಗೆ ಐದು ಸಲ ಬಂದ್ರಪ್ಪ! ಮನೇಲಿ ಇರೋದೇ ಮೂರು ಜನ. ಬನ್ನು ಬೇಕಾದಷ್ಟು ತಗೊಳ್ಳಿ, ನಂಗೇನು? ಆದ್ರೆ ಗಾಜಿಗೆ ಮೂಗು ಒತ್ತಿ ಒತ್ತಿ ಎಲ್ಲಾ ಮಬ್ಬು ಮಾಡಿಟ್ಟಿದ್ದಾರೆ. ಒರೆಸೋಳು ನಾನು."

5. ಮಕ್ಕಳ ತರಬೇತಿ ಮುಗಿದಿರುವುದರಿಂದ ಹಿರಿಯರಿಗೆ ಮನೆಯಲ್ಲೇ ಕೂರುವ ತರಬೇತಿ ಆರಂಭಿಸಲಾಗಿದೆ. ಮೊದಲ ವಾರ ಕುರ್ಚಿಯಲ್ಲಿ, ಎರಡನೆಯ ವಾರ ಬಾಗಿಲಿಗೆ ಬೆನ್ನು ಹಾಕಿ. ಎಂಟಕ್ಕೆ ಕಾಲು ಗಂಟೆ ಇರುವಾಗ, ಶಾಲೆಯ ಚೀಲ ಹೊತ್ತು ರೂಢಿಯಾದ ಕೈಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಆ ಕೈಯಲ್ಲಿ ಏನನ್ನಾದರೂ ಹಿಡಿದುಕೊಳ್ಳಲು ಅನುಮತಿಯಿದೆ, ಚೀಲವೊಂದನ್ನು ಬಿಟ್ಟು.

6. ಬೀದಿಯ ತಿರುವಿನಲ್ಲಿ ಮಗು ಹಿಂದಿರುಗಿ ನೋಡುವುದು ಕಡ್ಡಾಯವಲ್ಲ. ಸೋಮವಾರ ಎರಡು ಬಾರಿ ನೋಡಿದೆ. ಮಂಗಳವಾರ ಒಮ್ಮೆ ನೋಡಿ, ಹೋಗು ಎಂದು ಕೈಸನ್ನೆ ಮಾಡಿದೆ. ಬುಧವಾರದಿಂದ ನೋಡಿಲ್ಲ. ಇದನ್ನು ಯೋಜನೆಯ ಸಂಪೂರ್ಣ ಯಶಸ್ಸು ಎಂದು ದಾಖಲಿಸಲಾಗಿದೆ. ವಿಭಾಗಾಧಿಕಾರಿಯವರಿಗೆ ಬಹಳ ಬೇಸರವಾಗಿದೆ. ಅದನ್ನೂ ದಾಖಲಿಸಲಾಗಿದೆ.

ಈ ಸುತ್ತೋಲೆ ಬರುವ ಸೋಮವಾರ ಬೆಳಿಗ್ಗೆಯಿಂದ ಜಾರಿಗೆ ಬರುತ್ತದೆ. ಇಂದಿನ, ಅಂದರೆ ಶುಕ್ರವಾರದ, ಬೆಳಿಗ್ಗೆ ಮರದ ಹಿಂದೆ ಆಗಲೇ ಕಳೆದುಹೋಗಿದೆ.

(ಸಹಿ)
ವಿಲ್ಮಾರ್ ಎಚೆವೆರಿ
ವಿಭಾಗಾಧಿಕಾರಿ ಹಾಗೂ ಅಜ್ಜ

ಪ್ರತಿಗಳು:
1. ಶ್ರೀಮತಿ ದೆಲ್ಮೀರಾ, ಬೇಕರಿ: ಗಾಜಿನ ಮೇಲೆ, ವಿಭಾಗಾಧಿಕಾರಿಯ ಮೂಗಿನ ಎತ್ತರಕ್ಕೆ ಅಂಟಿಸಲು.
2. ನಾಯಿ: ಮೌಖಿಕವಾಗಿ ತಿಳಿಸಲಾಗಿದೆ.
3. ಕಚೇರಿ ಕಡತ.
4. ಕುಮಾರಿ ಮಾಯ್ತೆನಾ: ಚೀಲದಲ್ಲಿ, ಬನ್ನಿನ ಪಕ್ಕ ಇಡಲಾಗಿದೆ. ಉತ್ತರ ಬೇಕಿಲ್ಲ. ತಿರುವಿನಲ್ಲಿ ಬಿಡುವಾದರೆ ಒಮ್ಮೆ ಹಿಂದಿರುಗಿ ನೋಡುವುದು. ಮರದ ಹಿಂದೆ ಯಾರೂ ಇರುವುದಿಲ್ಲ. ಮನೆಯ ಬಾಗಿಲಲ್ಲಿ ಇರುತ್ತಾರೆ.