ಲೀಸ್ ಕಾರಿನ ಇಂಜಿನ್ನಿಗೆ ಆಯುಧಪೂಜೆ

ನನ್ನ ಕಂಪನಿ ನನಗೊಂದು ಕಾರು ಕೊಟ್ಟಿತು. ಕೊಟ್ಟಿತು ಎಂದರೆ ಪೂರ್ತಿ ಕೊಡಲಿಲ್ಲ, ಲೀಸಿನ ಮೇಲೆ ತೆಗೆಸಿಕೊಟ್ಟಿತು. ಇವೆರಡರ ವ್ಯತ್ಯಾಸವನ್ನು ನನ್ನ ಹೆಂಡತಿ ಪದ್ಮಾಗೆ ತಿಳಿಸಿ ಹೇಳುವುದರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು.

"ಕಾರು ನಮ್ಮದು ತಾನೇ?"

"ನಮ್ಮದೇ. ಆದರೆ ಮಾಲೀಕರು ನಾವಲ್ಲ, ಲೀಸ್ ಕಂಪನಿಯವರು."

"ಹಾಗಾದ್ರೆ ಬಾಡಿಗೆ ಕಾರು ಅನ್ನಿ."

"ಬಾಡಿಗೆ ಅಲ್ಲ ಕಣೇ, ಲೀಸು."

"ಅದೆಲ್ಲ ಇರ್ಲಿ. ಊರಲ್ಲಿ ಏನಂತ ಹೇಳ್ಲಿ ನಾನು?"

"ನಮ್ಮ ಕಾರು ಅಂತಲೇ ಹೇಳು."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಸಂಜೆಯೇ ಮಂಡ್ಯಕ್ಕೆ ಫೋನ್ ಹೋಯಿತು. ಕಾರ್ತಿಕ ಮಾಸದಲ್ಲಿ ಅವಳ ತಂಗಿ ಸುಧಾಳ ಮದುವೆ. "ಅಪ್ಪಾ, ನಮ್ಮ ಕಾರಲ್ಲೇ ಬರ್ತೀವಿ" ಎಂದು ಅವಳು ಹೇಳಿದ್ದು ಎದುರು ಮನೆಗೂ ಕೇಳಿಸಿತು. ಮದುವೆಯಾದಂದಿನಿಂದ ಮದ್ರಾಸಿನಿಂದ ತವರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಬೆವರಿ ತೊಪ್ಪೆಯಾಗಿ, ಮೂಟೆ ಹೊತ್ತು ಇಳಿದವಳು ಅವಳು. ಅವಳ ಸೋದರತ್ತೆಯರು ಪ್ರತಿಸಲವೂ ಮೊದಲು ಮೂಟೆ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಒಂದೇ ಒಂದು ಸಲ ಛತ್ರದ ಮುಂದೆ ಕಾರಿನಿಂದ ಇಳಿಯಬೇಕೆಂಬುದು ಅವಳ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. "ನಿಶ್ಚಿಂತೆಯಾಗಿರು" ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಲೀಸಿನಲ್ಲಿ ನನಗೆ ಬಹಳ ಹಿಡಿಸಿದ್ದು ಸರ್ವೀಸಿನ ಷರತ್ತು. ಅವರು ಗೊತ್ತುಮಾಡಿದ ವರ್ಕ್‌ಶಾಪಿನಲ್ಲಿ, ಅವರು ಹೇಳಿದ ಕಾಲಕ್ಕೆ ಸರ್ವೀಸ್ ಮಾಡಿಸಿದರೆ ಖರ್ಚೆಲ್ಲ ಅವರದು. ಬೇರೆ ಯಾರಾದರೂ ಕೈ ಹಾಕಿದರೆ, ಅಥವಾ ನಮ್ಮ ಅಜಾಗರೂಕತೆಯಿಂದ ಏನಾದರೂ ಕೆಟ್ಟರೆ, ಖರ್ಚೆಲ್ಲ ನಮ್ಮದು. ಅಜಾಗರೂಕತೆ ಎಂಬ ಮಾತು ಓದಿ ನನಗೆ ನಗು ಬಂತು. ಮದ್ರಾಸಿನ ಕಡಲಂಚಿನ ಎಣ್ಣೂರಿನ ಕಾರ್ಖಾನೆಯಲ್ಲಿ ಆನೆಗಾತ್ರದ ಪಂಪುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ನಾನು. ಒಂದು ಕಾರು ನನಗೆ ಯಾವ ಲೆಕ್ಕ?

ಜಾಗರೂಕತೆಯ ಮೊದಲ ಕ್ರಮವಾಗಿ, ಕಾರನ್ನು ಓಡಿಸುವುದನ್ನೇ ನಿಲ್ಲಿಸಿದೆ. ಎಣ್ಣೂರಿನ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ. ಬಂದರಿನ ಲಾರಿಗಳು ಪಕ್ಕದಲ್ಲೇ ಉಜ್ಜಿಕೊಂಡು ಹೋಗುತ್ತವೆ. ಆದ್ದರಿಂದ ಕಾರಿಗೆ ದಪ್ಪ ಹೊದಿಕೆ ಹೊದಿಸಿ ಹಗ್ಗ ಬಿಗಿದು, ನಾನು ಎಂದಿನಂತೆ ಕಂಪನಿ ಬಸ್ಸಿನಲ್ಲೇ ಹೋಗಿಬರತೊಡಗಿದೆ.

ಕೆಳಗಿನ ಮನೆಯ ಭಟ್ಟರು ಇದನ್ನು ಕೆಲವು ದಿನ ಸುಮ್ಮನೆ ನೋಡಿದರು. ಉಡುಪಿ ಕಡೆಯವರು. ಪಕ್ಕದ ರಸ್ತೆಯಲ್ಲೇ ಅವರ ಸಸ್ಯಾಹಾರಿ ಹೋಟೆಲು.

"ಎಂತ ಮಾರಾಯ್ರೆ, ಮನೆಯಲ್ಲಿ ಕಾರುಂಟು, ನೀವು ಬಸ್ಸಿಗೆ ಓಡುದಾ?"

"ಓಡಿಸಿದರೆ ಸವೆಯುತ್ತೆ ಭಟ್ರೇ."

"ಓಡಿಸದೆ ಇಡ್ಲಿಕ್ಕೆ ಅದೆಂತ ಉತ್ಸವಮೂರ್ತಿಯಾ?"

ಇಡ್ಲಿ ಬೇಯಿಸುವವರಿಗೆ ಯಂತ್ರದ ಸೂಕ್ಷ್ಮ ತಿಳಿಯದು ಎಂದುಕೊಂಡು ಬಸ್ಸಿಗೆ ಓಡಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೀದಿಯ ಕಾರುಗಳಿಗೆಲ್ಲ ಬಾನೆಟ್ಟಿನ ಮೇಲೆ ಗಂಧ ಕುಂಕುಮ, ಮುಂದೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಎಲ್ಲರೂ ತಗಡಿಗೆ ಪೂಜೆ ಮಾಡುತ್ತಿದ್ದರು. ನಾನು ಬಾನೆಟ್ ಎತ್ತಿದೆ. ಬ್ಯಾಟರಿಗೆ ಅರಿಶಿನ ಕುಂಕುಮ ಹಚ್ಚಿದೆ. ರೇಡಿಯೇಟರಿಗೆ ಚೆಂಡುಹೂವಿನ ಹಾರ ಹಾಕಿದೆ. ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಹೊಸ ರವಿಕೆ ಕಣ ಹಾಸಿ, ಅದರ ಮೇಲೆ ಕಡ್ಲೆಪುರಿ, ಬೆಲ್ಲ, ಕೊಬ್ಬರಿ ಚೂರುಗಳನ್ನು ಧಾರಾಳವಾಗಿ ಸುರಿದೆ.

"ಒಳಗ್ಯಾಕ್ರೀ ಕಡ್ಲೆಪುರಿ? ಮೇಲಿಟ್ರೆ ಸಾಲ್ದಾ?" ಎಂದಳು ಪದ್ಮಾ.

"ಕಾರನ್ನ ಓಡಿಸೋದು ಇಂಜಿನ್ನೋ, ಬಾನೆಟ್ಟೋ?"

"ಇಂಜಿನ್ನು."

"ಮತ್ತೆ?"

ತರ್ಕದಲ್ಲಿ ನನ್ನನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಪೂಜೆಯಾದ ಆಯುಧವನ್ನು ಆ ದಿನ ಮುಟ್ಟಬಾರದು, ವಿಜಯದಶಮಿಯ ದಿನ ತೆಗೆದು ಪ್ರಸಾದ ಹಂಚೋಣ ಎಂದು ಬಾನೆಟ್ ಮುಚ್ಚಿದೆ. ವಿಜಯದಶಮಿಯ ಬೆಳಿಗ್ಗೆ ಮಳೆ ಹಿಡಿಯಿತು. ಮಳೆಯಲ್ಲಿ ತೆಗೆದರೆ ಪುರಿ ಮೆತ್ತಗಾಗುತ್ತದೆಂದು ಹೊದಿಕೆಯ ಹಗ್ಗವನ್ನು ಇನ್ನಷ್ಟು ಬಿಗಿದೆ. ಮದ್ರಾಸಿನಲ್ಲಿ ಆ ಕಾಲದ ಮಳೆ ಹಿಡಿದರೆ ಬಿಡುವುದಲ್ಲ. ಚರಂಡಿಗಳು ತುಂಬಿ ಹರಿದವು. ಚರಂಡಿಯಲ್ಲಿ ವಾಸವಾಗಿದ್ದವರು ಒಣ ಜಾಗ ಹುಡುಕಿಕೊಂಡು ಹೊರಟರು. ನಾನು ಕಡ್ಲೆಪುರಿಯನ್ನು ಮರೆತೇಬಿಟ್ಟೆ.

ಮಳೆ ನಿಂತ ಮೇಲೆ ವರ್ಕ್‌ಶಾಪಿನಿಂದ ಫೋನ್ ಬಂತು, ಸರ್ವೀಸಿನ ಕಾಲ ಬಂದಿದೆ ಎಂದು.

"ಬೇಗ ಮಾಡಿಸಿಬಿಡಿ ರೀ. ಅಷ್ಟು ದೂರದ ದಾರಿ" ಎಂದಳು ಪದ್ಮಾ.

"ಈಗಲೇ ಮಾಡಿಸಿದರೆ ಮದುವೆ ಹೊತ್ತಿಗೆ ಹಳತಾಗುತ್ತೆ. ಹೊರಡೋ ಹಿಂದಿನ ದಿನ ಮಾಡಿಸೋಣ. ಬಿಸಿಬಿಸಿ ಸರ್ವೀಸು."

ಆ ಹಿಂದಿನ ದಿನ ಹೊದಿಕೆ ತೆಗೆದು, ಪದ್ಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀ ತಿರುಗಿಸಿದೆ. ವೈಪರ್ ಓಡಿತು. ಇನ್ನೊಮ್ಮೆ ತಿರುಗಿಸಿದೆ. ವೈಪರ್ ನಿಂತಿತು. ಇಂಜಿನ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಇತ್ತು.

ಬಾನೆಟ್ ಎತ್ತಿದೆ. ಒಳಗೆ ಒಂದು ತುಂಬು ಸಂಸಾರ ವಾಸವಾಗಿತ್ತು. ರವಿಕೆ ಕಣ ಹಾಸಿಗೆಯಾಗಿತ್ತು, ಹೂವಿನ ಹಾರ ದಿಂಬಾಗಿತ್ತು. ಬಾಣಂತಿ ಇಲಿಯೊಂದು ನನ್ನ ಮುಖವನ್ನು ದುರುಗುಟ್ಟಿ ನೋಡಿ ಮರಿಯನ್ನು ಕಚ್ಚಿಕೊಂಡು ಇಳಿದುಹೋಯಿತು. ಪುರಿ ಬೆಲ್ಲ ಮುಗಿದ ಮೇಲೆ ಅವು ವೈರುಗಳಿಗೆ ಬಾಯಿ ಹಾಕಿದ್ದವು.

"ಮೆಕ್ಯಾನಿಕ್ಕನ್ನ ಕರೀರಿ" ಎಂದಳು ಪದ್ಮಾ.

"ಹೊರಗಿನವರು ಕೈ ಹಾಕಿದರೆ ಖರ್ಚು ನಮ್ಮ ತಲೆಗೆ. ನಾನೇ ಮಾಡ್ತೀನಿ."

ಟೇಪು ತಂದು, ತುಂಡಾದ ವೈರುಗಳನ್ನು ಬಣ್ಣ ನೋಡಿ ಜೋಡಿಸಿ ಸುತ್ತಿದೆ. ಕೆಲವಕ್ಕೆ ಬಣ್ಣವೇ ಉಳಿದಿರಲಿಲ್ಲ. ಅವನ್ನು ಅಂದಾಜಿನ ಮೇಲೆ ಜೋಡಿಸಿದೆ. ಕೀ ತಿರುಗಿಸಿದರೆ ಇಂಜಿನ್ ಗುರ್ ಎಂದಿತು! ಪದ್ಮಾ ಮೊದಲ ಸಲ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟ ನಮ್ಮ ಗೇಟು ದಾಟುವವರೆಗೆ ಇತ್ತು. ಗೇಟಿನಲ್ಲಿ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೊಡನೆ ಹಾರ್ನ್ ಹೊಡೆದುಕೊಳ್ಳತೊಡಗಿತು. ನೇರ ಮಾಡಿದರೆ ನಿಂತಿತು. ಮತ್ತೆ ಎಡಕ್ಕೆ, ಮತ್ತೆ ಹಾರ್ನ್.

"ಏನೂ ತೊಂದರೆಯಿಲ್ಲ, ಎಡಕ್ಕೆ ತಿರುಗದೇ ಹೋದರಾಯ್ತು" ಎಂದೆ.

ವರ್ಕ್‌ಶಾಪು ಇದ್ದದ್ದು ಮುಖ್ಯರಸ್ತೆಯಲ್ಲಿ ಎಡಕ್ಕೆ. ಆದರೆ ಬಲಕ್ಕೇ ತಿರುಗುತ್ತಾ ಹೋದರೂ ಮನುಷ್ಯ ಸೇರಬೇಕಾದ ಜಾಗವನ್ನು ಸೇರಲೇಬೇಕು. ಲೆಕ್ಕದ ಪ್ರಕಾರ ಅದು ಸರಿ. ಬಲಕ್ಕೆ ತಿರುಗಿದೆ, ಮತ್ತೆ ಬಲಕ್ಕೆ ತಿರುಗಿದೆ, ಮತ್ತೂ ತಿರುಗಿದೆ.

"ರೀ, ಇದು ಕೋಯಂಬೇಡು ಮಾರ್ಕೆಟ್ಟಲ್ವಾ?"

"ಹೌದು."

"ನಾವು ವರ್ಕ್‌ಶಾಪಿಗಲ್ವಾ ಹೋಗ್ತಿರೋದು?"

"ಹೌದು."

ಮುಂದೆ ಎಲೆಕೋಸಿನ ಲಾರಿ, ಹಿಂದೆ ಈರುಳ್ಳಿ ಲಾರಿ, ಬಲಗಡೆ ಟೊಮೇಟೊ ಬುಟ್ಟಿಗಳ ಗೋಡೆ. ತೆರೆದಿದ್ದ ದಾರಿ ಎಡಕ್ಕೆ ಒಂದೇ. ಮನಸ್ಸು ಗಟ್ಟಿಮಾಡಿ ತಿರುಗಿಸಿದೆ. ಹಾರ್ನಿನ ಸದ್ದಿಗೆ ಇಡೀ ಸಾಲು ತಿರುಗಿ ನೋಡಿತು. ಪೊಲೀಸಿನವನು ಬಂದು ಕಿಟಕಿಗೆ ಬಗ್ಗಿದ. "ಎನ್ನ ಸಾರ್, ಕಲ್ಯಾಣ ಊರ್ವಲಮಾ?" ಮದುವೆ ಮೆರವಣಿಗೆಯಾ ಎಂದು ಅವನ ಪ್ರಶ್ನೆ.

"ಆಮಾ, ತಂಗಚ್ಚಿ ಕಲ್ಯಾಣಂ" ಎಂದು, ತಂಗಿಯ ಮದುವೆಯೆಂದು ಒಪ್ಪಿಕೊಂಡಳು ಪದ್ಮಾ, ಹಲ್ಲು ಕಚ್ಚಿಕೊಂಡು.

ಆ ಮಾತು ಮುಗಿಯುವುದಕ್ಕೂ ಇಂಜಿನ್ ನಿಲ್ಲುವುದಕ್ಕೂ ಸರಿಹೋಯಿತು. ಮೂಟೆ ಹೊರುವವರು ಬಂದು ಹಿಂದೆ ಕೈಕೊಟ್ಟರು. ತಳ್ಳು ಎನ್ನುವ ಮಾತು ತಮಿಳಿಗೂ ಕನ್ನಡಕ್ಕೂ ಒಂದೇ ಆದ್ದರಿಂದ ಸಂವಹನದಲ್ಲಿ ಏನೂ ತೊಡಕಾಗಲಿಲ್ಲ. ಹೀಗೆ ನಮ್ಮ ಕಾರು ವರ್ಕ್‌ಶಾಪನ್ನು ಪ್ರವೇಶಿಸಿತು.

ಅಲ್ಲಿ ಟೈ ಕಟ್ಟಿದ ಸರ್ವೀಸ್ ಅಡ್ವೈಸರ್ ಬಾನೆಟ್ ಎತ್ತಿ, ಎರಡು ಬೆರಳಲ್ಲಿ ಏನನ್ನೋ ಹೆಕ್ಕಿದ.

"ಇದು ಎನ್ನ ಸಾರ್, ಪೊರಿಯಾ?"

"ಪ್ರಸಾದ" ಎಂದೆ.

"ಟೇಪ್ ಯಾರ್ ಸುತ್ತಿನದು?"

ಅವನಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ, ಗಂಭೀರವಾಗಿ, ನಾನು ಇಂಜಿನಿಯರ್ ಎಂದು ತಿಳಿಸಿದೆ.

"ಅದುದಾನ್ ಸಾರ್ ಪ್ರಾಬ್ಲಂ" ಎಂದ. ಅದೇ ಪ್ರಾಬ್ಲಂ ಅಂತೆ.

ಇಲಿ ಕಡಿತ ಸರ್ವೀಸಿಗೆ ಬರುವುದಿಲ್ಲವಂತೆ. ಊಟ ಹಾಕಿ ಇಲಿ ಕರೆದದ್ದು ಅಜಾಗರೂಕತೆಯಂತೆ. ನಾನು ಕೈ ಹಾಕಿದ್ದೂ ಹೊರಗಿನವರು ಕೈ ಹಾಕಿದ ಲೆಕ್ಕವೇ ಅಂತೆ. ವೈರುಗಳ ಇಡೀ ಕಟ್ಟನ್ನೇ ಬದಲಿಸಬೇಕು, ಅದು ಬರಲು ವಾರಗಳಾಗುತ್ತವೆ, ಖರ್ಚೆಲ್ಲ ನನ್ನದು. ಮೊತ್ತ ಕೇಳಿ ಪದ್ಮಾ ಕುರ್ಚಿಯಿಂದ ಎದ್ದು ನಿಂತಳು, ನಾನು ಕುರ್ಚಿ ಹುಡುಕಿ ಕುಳಿತೆ.

ಆಟೋದಲ್ಲಿ ಅವಳು ಅತ್ತಳು. "ಅಪ್ಪ ಛತ್ರದ ಮುಂದೆ ನಮ್ಮ ಕಾರಿಗೆ ಅಂತ ಜಾಗ ಬಿಡಿಸಿದಾರೆ ರೀ. ಅತ್ತೇರೆಲ್ಲ ಬಾಗಿಲಲ್ಲೇ ಕೂತಿರ್ತಾರೆ. ನಾನು ಯಾವ ಮುಖ ಇಟ್ಕೊಂಡು ಇಳೀಲಿ?" ನನಗೆ ನಿಜಕ್ಕೂ ಸಂಕಟವಾಯಿತು. ಅವಳನ್ನು ಮನೆಗೆ ಬಿಟ್ಟು, ರೈಲ್ವೆ ಸ್ಟೇಷನ್ನಿಗೆ ಓಡಿ ಟಿಕೆಟ್ ಕೇಳಿದೆ. ಮದುವೆಯ ಕಾಲ, ಮಂಡ್ಯದ ಕಡೆಗೆ ಒಂದು ಸೀಟೂ ಇರಲಿಲ್ಲ. ಬಸ್ಸಿನ ಮಾತೆತ್ತಿದರೆ ಪದ್ಮಾ ಹೊರಡುವುದೇ ಇಲ್ಲವೆಂದು ಕುಳಿತಳು. ಕೊನೆಗೆ ಭಟ್ಟರ ಬಾಗಿಲು ತಟ್ಟಿದೆ.

"ನಮ್ಮ ವ್ಯಾನ್ ಉಂಟಲ್ಲ ಮಾರಾಯ್ರೆ, ಡ್ರೈವರನೂ ಇದ್ದಾನೆ, ತೆಕ್ಕೊಂಡು ಹೋಗಿ" ಎಂದರು ಭಟ್ಟರು. ಅಷ್ಟು ಒಳ್ಳೆಯ ಮನುಷ್ಯ.

ವ್ಯಾನಿನ ಮೈಮೇಲೆ ಹೋಟೆಲಿನ ಹೆಸರು ದಪ್ಪ ದಪ್ಪ ತಮಿಳು ಅಕ್ಷರದಲ್ಲಿತ್ತು. ಪದ್ಮಾ ಅನುಮಾನದಿಂದ ನೋಡಿದಳು. "ಮಂಡ್ಯದಲ್ಲಿ ತಮಿಳು ಓದೋರು ಯಾರಿದಾರೆ? ದೊಡ್ಡ ಕಾರು ಅಂದ್ಕೋತಾರೆ" ಎಂದು ಧೈರ್ಯ ತುಂಬಿದೆ. ಹೆಸರಿನ ಪಕ್ಕದಲ್ಲಿ ಹೊಗೆಯಾಡುವ ಹಂಡೆ, ಸೌಟು, ಬಾಳೆಲೆಯ ಚಿತ್ರವೂ ಇತ್ತು. ಚಿತ್ರ ಓದಲು ಭಾಷೆ ಬೇಕಿಲ್ಲವೆಂಬುದು ನನಗೆ ತಡವಾಗಿ ತಿಳಿಯಿತು.

ಮರುದಿನ ವರಪೂಜೆಯ ಸಂಜೆ ಛತ್ರದ ಮುಂದೆ, ಮಾವನವರು ಬಿಡಿಸಿಟ್ಟ ಜಾಗದಲ್ಲೇ ವ್ಯಾನು ನಿಂತಿತು. ಗಂಡಿನ ದೊಡ್ಡಪ್ಪನವರೊಬ್ಬರು ಶಲ್ಯ ಬೀಸುತ್ತಾ ಓಡಿಬಂದರು.

"ಇಲ್ಲಿ ಬೇಡ, ಇಲ್ಲಿ ಬೇಡ. ಇದು ಹೆಣ್ಣಿನ ಅಕ್ಕ ಬರೋ ಕಾರಿಗೆ. ಅಡುಗೆಯವರು ಹಿಂದ್ಗಡೆ ಬಾಗಿಲಿಗೆ ಹೋಗ್ರಪ್ಪಾ."

ಸೋದರತ್ತೆಯರು ಸಾಲಾಗಿ ಎದ್ದು ನಿಂತರು. ಪದ್ಮಾ ರೇಷ್ಮೆ ಸೀರೆಯ ನೆರಿಗೆ ಹಿಡಿದು, ಮಹಾರಾಣಿಯ ಗತ್ತಿನಲ್ಲಿ ಇಳಿದಳು.

"ಹೆಣ್ಣಿನ ಅಕ್ಕ ನಾನೇ" ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಅಡುಗೆಯವರು ಇವರು."

ತಿರುಗಿ ನೋಡದೆ ಒಳಗೆ ಹೋದಳು. ನಾನು ವ್ಯಾನಿನ ಸಮೇತ ಹಿಂದಿನ ಬಾಗಿಲಿಗೆ ಹೋದೆ. ನಾನು ಹೆಣ್ಣಿನ ಭಾವ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕೈಗೆ ಸಾರಿನ ಬಕೆಟ್ಟು ಕೊಟ್ಟರು. ಪಂಕ್ತಿ ಕುಳಿತಾಗಿತ್ತು. ನಾನು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಒಂದು ತೊಟ್ಟು ಕೆಳಗೆ ಚೆಲ್ಲದಂತೆ ಕೊನೆಯ ಎಲೆಯವರೆಗೂ ಬಡಿಸಿದೆ.

ಕೈ ತೊಳೆದು ಬಂದ ಆ ದೊಡ್ಡಪ್ಪನವರು ನನ್ನ ಬೆನ್ನು ತಟ್ಟಿದರು. "ಮದ್ರಾಸಿನವನಾದ್ರೂ ಶಿಸ್ತಾಗಿ ಬಡಿಸ್ತೀಯಪ್ಪಾ" ಎಂದು ನನ್ನ ಅಂಗೈಯಲ್ಲಿ ಹತ್ತು ರೂಪಾಯಿಯ ನೋಟು ಇಟ್ಟು ಹೋದರು.

ಕಂಬದ ಹಿಂದಿನಿಂದ ಪದ್ಮಾ ಇದನ್ನು ನೋಡುತ್ತಿದ್ದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ನೇರ ಬಂದು ಕೈ ಚಾಚಿದಳು.

"ಇತ್ತ ಕೊಡಿ. ಸರ್ವೀಸಿನ ಖರ್ಚಿಗೆ ಸೇರಿಸೋಣ."

ಕೊಟ್ಟೆ.